ಸಿಎಜಿ 17 ಇದ್ದರೂ 43 ಇದ್ದರೂ ಆಲ್ಫಾಫೋಲ್ಡ್ ಚಿತ್ರ ಒಂದೇ ಥರ ಬರುತ್ತಿದೆ, ಯಾಕೆ?

ಸೆಮಿನಾರ್ ತಂಡ, ದಾವಣಗೆರೆ

ತೋಳಹುಣಸೆಯಲ್ಲಿ ಎಂ.ಎಸ್ಸಿ. ಸೆಮಿನಾರ್‌ಗೆ ಹಂಟಿಂಗ್ಟನ್ ಕಾಯಿಲೆ (ಮಿದುಳಿನ ನರಕೋಶಗಳು ಕೆಡುವ ಆನುವಂಶಿಕ ಕಾಯಿಲೆ) ಆರಿಸಿದ್ದೇವೆ. ಅಭ್ಯಾಸಕ್ಕೆ ಕೊಟ್ಟ ಮಾದರಿ ವರದಿಯಲ್ಲಿ ಎಚ್‌ಟಿಟಿ ಜೀನಿನಲ್ಲಿ (ಹಂಟಿಂಗ್ಟಿನ್ ಪ್ರೋಟೀನಿನದು) ಸಿಎಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುವ ಸಂಖ್ಯೆ 17/43, ಅಂದರೆ ಒಂದು ಪ್ರತಿಯಲ್ಲಿ 17, ಇನ್ನೊಂದರಲ್ಲಿ 43. ಒಂದೊಂದು ಸಿಎಜಿಗೂ ಪ್ರೋಟೀನಿನಲ್ಲಿ ಗ್ಲುಟಮಿನ್ ಎಂಬ ಒಂದು ಅಮೈನೋ ಆಮ್ಲ. ಜೀನಿನ ಮೊದಲ ಎಕ್ಸಾನ್‌ಗೆ (ಪ್ರೋಟೀನಾಗುವ ಮೊದಲ ತುಂಡು) ಒಮ್ಮೆ 17, ಇನ್ನೊಮ್ಮೆ 43 ಗ್ಲುಟಮಿನ್ ಹಾಕಿ ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದಲ್ಲಿ ಓಡಿಸಿದೆವು. ಎರಡರಲ್ಲೂ ಹೆಲಿಕ್ಸ್‌ನಂಥ ಸುರುಳಿಯೇ ಬಂತು, ಹೆಚ್ಚಿನ ಭಾಗ ಹಳದಿ, ಕಿತ್ತಳೆ. ಬೀಟಾ ಶೀಟ್ (ಎಳೆಗಳು ಪಕ್ಕಪಕ್ಕ ಕೂಡಿದ ಹಾಳೆಯಂಥ ಆಕಾರ) ಎಲ್ಲೂ ಇಲ್ಲ. ಹಾಗಾದರೆ ಸಿಎಜಿ ಹೆಚ್ಚಾದರೆ ಪ್ರೋಟೀನಿನ ಆಕಾರ ಕೆಡುತ್ತದೆ ಅನ್ನುವುದು ಎಲ್ಲಿ? ಜೊತೆಗೆ, ಅದೇ ಮಾದರಿಯ ಎಕ್ಸೋಮ್ (ಜೀನುಗಳ ಪ್ರೋಟೀನಾಗುವ ಭಾಗಗಳನ್ನಷ್ಟೇ ಓದುವ ಪರೀಕ್ಷೆ) ವರದಿಯಲ್ಲಿ ಏನೂ ಸಿಕ್ಕಿಲ್ಲ ಅಂತಿದೆ. ಯಾವುದನ್ನು ನಂಬೋದು?

ಕೋಟೆ ಕಡೆಯವರು, ಚಿತ್ರದುರ್ಗ

ಮೊದಲು ಲೆಕ್ಕ ಸರಿ ಮಾಡ್ಕೊಳ್ರಿ. ಸಿಎಜಿ ಸಾಲು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ಸಿಎಎ, ಮತ್ತೊಂದು ಸಿಎಜಿ ಇರುತ್ತವೆ. ಸಿಎಎ ಕೂಡ ಗ್ಲುಟಮಿನ್ನೇ. ವರದಿಯಲ್ಲಿ ಎಣಿಸುವುದು ಸಿಎಎ ಬರುವವರೆಗಿನ ಸಾಲನ್ನು ಮಾತ್ರ. ಅಂದರೆ 43 ಇದ್ದರೆ ಪ್ರೋಟೀನಿನಲ್ಲಿ 45, 17 ಇದ್ದರೆ 19.

ಇನ್ನು ಚಿತ್ರ. ಕಿತ್ತಳೆ ಅಂದರೆ ತನ್ನ ಊಹೆಯ ಮೇಲೆ ಆಲ್ಫಾಫೋಲ್ಡ್ ಕೊಡುವ ವಿಶ್ವಾಸಾಂಕ 100ಕ್ಕೆ 50ಕ್ಕಿಂತ ಕಡಿಮೆ. ಅಲ್ಲಿ ಕಾಣುವ ಹೆಲಿಕ್ಸ್ ಅನ್ನು ಆಕಾರ ಅಂತ ಓದಬೇಡಿ, ಆ ಭಾಗಕ್ಕೆ ಬಹುಶಃ ನೆಲೆಯಾದ ಆಕಾರವೇ ಇಲ್ಲ ಅಂತ ಓದಿ. 2018ರಲ್ಲಿ ಎಚ್‌ಎಪಿ40 ಎಂಬ ಪ್ರೋಟೀನ್ ಜೊತೆ ಸೇರಿಸಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಂಟಿಂಗ್ಟಿನ್ ರಚನೆ ನೋಡಿದಾಗಲೂ ಈ ತುಂಡು ಕಾಣಿಸಲಿಲ್ಲ, ಅಷ್ಟು ಓಲಾಡುತ್ತದೆ. ಒಂಟಿ ಅಣುವಿನಲ್ಲಿ 19 ಇರಲಿ 45 ಇರಲಿ, ಅದು ಸಡಿಲವೇ. ನೀವು ಹುಡುಕುತ್ತಿರುವ ಬೀಟಾ ಶೀಟ್ ಹುಟ್ಟುವುದು ಅಣುಗಳು ಒಂದಕ್ಕೊಂದು ಕಚ್ಚಿಕೊಂಡಾಗ.

ಹತ್ತಿ ಊರಿನವರಿಗೆ ಇದನ್ನು ಹೇಳೋದು ಸುಲಭ. ಹಿಂಜಿದ ಅರಳೆ ಎಷ್ಟು ಹೊತ್ತು ಬಿದ್ದಿದ್ದರೂ ಅರಳೆಯೇ. ತಕಲಿಗೆ ಒಂದು ಎಳೆ ಹುರಿಯಾಗಿ ಹಿಡಿದರೆ ಮಾತ್ರ ಉಳಿದದ್ದು ಅದರ ಹಿಂದೆಯೇ ಎಳೆದುಕೊಂಡು ಬರುತ್ತದೆ. ಇಲ್ಲೂ ಕಷ್ಟ ಇರುವುದು ಮೊದಲ ಎಳೆಯಲ್ಲೇ. ಗ್ಲುಟಮಿನ್ ಹೆಚ್ಚಿದಷ್ಟೂ ಅದು ಬೇಗ ಹಿಡಿಯುತ್ತದೆ. ಗ್ಲುಟಮಿನ್ ಸಾಲಿಗೆ ಮುಂಚೆ ಇರುವ 17 ಅಮೈನೋ ಆಮ್ಲಗಳ ತುದಿ ಅಣುಗಳನ್ನು ಹತ್ತಿರ ತರುತ್ತದೆ, ಹಿಂದಿನ ಪ್ರೋಲಿನ್ ಸಾಲು ಅದನ್ನು ನಿಧಾನಿಸುತ್ತದೆ. ಆಲ್ಫಾಫೋಲ್ಡ್‌ಗೆ ಒಂದೇ ಸರಪಳಿ ಕೊಟ್ಟು ಇದನ್ನೆಲ್ಲ ತೋರಿಸು ಅಂದರೆ ಆಗಲ್ಲ. ರೂಪಾಂತರದ ಪರಿಣಾಮ ಹೇಳಲು ಅದನ್ನು ಪರೀಕ್ಷಿಸಿ ಖಚಿತಪಡಿಸಿಲ್ಲ ಅಂತ ತಯಾರಕರೇ ಹೇಳಿದ್ದಾರೆ.

ಹರಿಹರ ಲ್ಯಾಬ್

ಎಕ್ಸೋಮ್ ವಿಷಯಕ್ಕೆ ಬರ್ತೀನಿ. 43 ಸಿಎಜಿ ಅಂದರೆ 129 ಅಕ್ಷರ. ಒಂದು ರೀಡ್ (ಯಂತ್ರ ಒಮ್ಮೆಗೆ ಓದುವ ತುಂಡು) ಸಾಮಾನ್ಯವಾಗಿ 150. ಎರಡೂ ಬದಿಗೆ ಸೇರಿ ಉಳಿಯೋದು 21. ಅಷ್ಟರಲ್ಲಿ ಅದನ್ನು ಸರಿಯಾದ ಜಾಗಕ್ಕೆ ಕೂರಿಸುವುದು ತಂತ್ರಾಂಶಕ್ಕೆ ಕಷ್ಟ, ಎಷ್ಟೋ ರೀಡ್ ಹಾಗೇ ಬಿದ್ದು ಹೋಗುತ್ತವೆ. ಹೀಗಾಗಿ ಎಕ್ಸೋಮ್ ನೆಗೆಟಿವ್ ಬಂದರೆ ಹಂಟಿಂಗ್ಟನ್ ಇಲ್ಲ ಅಂತ ಬರೆಯಲೇಬಾರದು.

ಸರಿಯಾದ ಪರೀಕ್ಷೆ: ಇಡಿಟಿಎ ಟ್ಯೂಬಿನಲ್ಲಿ ರಕ್ತ (ನೇರಳೆ ಮುಚ್ಚಳ, ಹೆಪಾರಿನ್ ಟ್ಯೂಬು ಬೇಡ, ಅದು ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಿ), ಹೊಳೆಯುವ ಪ್ರೈಮರ್‌ನಿಂದ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಪಿಸಿಆರ್, ಆಮೇಲೆ ಕ್ಯಾಪಿಲರಿ ಎಂಬ ಸಣ್ಣ ನಳಿಗೆಯಲ್ಲಿ ಉದ್ದ ಅಳೆಯೋದು. ಒಂದೇ ಪೀಕ್ ಬಂತು ಅಂದರೆ ಎರಡೂ ಪ್ರತಿ ಒಂದೇ ಅಳತೆ ಅಂತ ಅಲ್ಲಿಗೇ ಮುಗಿಸಬೇಡಿ. ಉದ್ದನೆಯದು ಪಿಸಿಆರ್‌ನಲ್ಲಿ ಎದ್ದೇ ಇರಲಿಕ್ಕಿಲ್ಲ. ಟ್ರಿಪ್ಲೆಟ್-ಪ್ರೈಮ್ಡ್ ಪಿಸಿಆರ್ (ಸಿಎಜಿ ಸಾಲಿನ ಒಳಗಿಂದಲೇ ನಕಲು ಶುರುಮಾಡುವ ಬಗೆ) ಕೂಡ ಹಾಕಲೇಬೇಕು. ಅದರಲ್ಲಿ ಗರಗಸದ ಹಲ್ಲಿನಂತೆ ಪೀಕ್‌ಗಳ ಬಾಲ ಎಳೆದಿದ್ದರೆ ವಿಸ್ತರಣೆ ಇದೆ.

ಅರ್ಥೈಸುವಾಗ: 26ರವರೆಗೆ ಸಾಮಾನ್ಯ, 27–35 ಇದ್ದವರಿಗೆ ಕಾಯಿಲೆ ಬರದು, ಮುಂದಿನ ಪೀಳಿಗೆಯಲ್ಲಿ ಸಾಲು ಬೆಳೆಯಬಹುದು, 36–39 ಬಂದರೂ ಬರಬಹುದು, ಬರದೆಯೂ ಇರಬಹುದು, 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಪೂರ್ಣವಾಗಿ ಬರುವ ವರ್ಗ. ಅಳತೆಯಲ್ಲಿ ಒಂದು ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಹಾಗಾಗಿ 39/40ರ ಗಡಿಯಲ್ಲಿ ಕೈ ಬಿಗಿ ಹಿಡಿದು ಬರೀರಿ.

ಇನ್ನೊಂದು, ಇದು ಸೋದರಮಾವನ ಮದುವೆಯಿಂದ ಬರೋ ಕಾಯಿಲೆ ಅಲ್ಲ. ಒಂದು ಕೆಟ್ಟ ಪ್ರತಿ ಸಾಕು, ಪ್ರತಿ ಮಗುವಿಗೂ 50% ಸಾಧ್ಯತೆ. ರಕ್ತಸಂಬಂಧದ ಮದುವೆಯ ಪ್ರಶ್ನೆ ಏಳುವುದು ಫ್ರೀಡ್ರೈಕ್ ಅಟಾಕ್ಸಿಯಾದಂಥ (ನಡಿಗೆ ತೂರಾಡುವ ನರಕಾಯಿಲೆ), ಎರಡೂ ಪ್ರತಿ ಕೆಡಬೇಕಾದ ಕಾಯಿಲೆಗಳಲ್ಲಿ. ಸೆಮಿನಾರಿನಲ್ಲಿ ಯಾರಾದರೂ ಕೇಳೇ ಕೇಳ್ತಾರೆ.

ಸೆಮಿನಾರ್ ತಂಡ, ದಾವಣಗೆರೆ

ಧನ್ಯವಾದ ಸರ್. ಹಾಗಾದರೆ ಗ್ಲುಟಮಿನ್ ಉದ್ದ ಇದ್ದಷ್ಟೂ ಕಾಯಿಲೆ ಬೇಗ, ಪ್ರೋಟೀನ್ ಅಣುಗಳು ಕಚ್ಚಿಕೊಂಡಾಗುವ ಮುದ್ದೆಯೇ ಕೋಶವನ್ನು ಕೊಲ್ಲುತ್ತದೆ ಅಂತ ಸ್ಲೈಡ್ ಹಾಕಬಹುದಾ?

ಕೋಟೆ ಕಡೆಯವರು, ಚಿತ್ರದುರ್ಗ

ಬೇಡ. ಆ ನಡುವಿನ ಸಿಎಎ ಕಳೆದುಹೋದ ಜನರಿದ್ದಾರೆ. ಅವರಲ್ಲಿ ಅದು ಸಿಎಜಿ ಆಗಿರುತ್ತದೆ, ಗ್ಲುಟಮಿನ್ ಸಂಖ್ಯೆ ಬದಲಾಗಿರುವುದಿಲ್ಲ, ಆದರೂ ಕಾಯಿಲೆ ಬೇಗ ಬರುತ್ತದೆ. ಅಂದರೆ ಯಾವಾಗ ಶುರುವಾಗುತ್ತದೆ ಅನ್ನೋದು ಡಿಎನ್‌ಎಯಲ್ಲಿ ತಡೆಯಿಲ್ಲದೆ ಸಾಗುವ ಸಿಎಜಿಯ ಉದ್ದಕ್ಕೆ ಹೆಚ್ಚು ಅಂಟಿಕೊಂಡಿದೆ. ಆ ಸಾಲು ಮಿದುಳಿನ ಒಳಗಿನ ಸ್ಟ್ರಯೇಟಮ್ ಭಾಗದ ನರಕೋಶಗಳಲ್ಲಿ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಬೆಳೆಸುವುದರಲ್ಲಿ ಡಿಎನ್‌ಎ ರಿಪೇರಿಯ ಎಂಎಸ್‌ಎಚ್3 ಪ್ರೋಟೀನಿನ ಕೈವಾಡ ಇದೆ. ರಕ್ತದಲ್ಲಿ ಕಂಡ 43 ಮಿದುಳಿನ 43 ಅಲ್ಲ. ಕಣ್ಣಿಗೆ ಕಾಣುವ ದೊಡ್ಡ ಮುದ್ದೆಗಿಂತ ಅದಕ್ಕೂ ಮೊದಲಿನ ಸಣ್ಣ ಗುಂಪುಗಳೇ ಹಾನಿ ಮಾಡಬಹುದು ಅನ್ನುವ ವಾದವೂ ಗಟ್ಟಿಯಾಗಿದೆ.

ಒಂದು ಅಕ್ಷರ ಬದಲಾಗಿ ಆಕಾರ ಸಡಿಲವಾಗುವುದನ್ನು ತೋರಿಸಲೇಬೇಕು ಅಂದರೆ ಎಸ್‌ಒಡಿ1 ತಗೊಳ್ರಿ. ಆನುವಂಶಿಕ ಎಎಲ್‌ಎಸ್‌ನಲ್ಲಿ (ಸ್ನಾಯುಗಳನ್ನು ನಡೆಸುವ ನರಕೋಶಗಳು ಕೆಡುವ ಕಾಯಿಲೆ) ಕೆಡುವ ಪ್ರೋಟೀನ್, 153 ಅಮೈನೋ ಆಮ್ಲ, ಎರಡೆರಡಾಗಿ ಜೋಡಿಯಾಗಿರುತ್ತದೆ. 57 ಮತ್ತು 146ನೇ ಸಿಸ್ಟೀನ್ ನಡುವೆ ಗಂಟು, ಒಳಗೆ ತಾಮ್ರ, ಸತು. 4ನೇ ಅಲನಿನ್ ವ್ಯಾಲಿನ್ ಆದರೆ ಜೋಡಿ ಕೂಡುವ ಕಡೆ ಸಡಿಲವಾಗುತ್ತದೆ, ಬಿಡಿಯಾದದ್ದು ಸತು ಬಿಟ್ಟು ಗುಂಪುಗೂಡಲು ಸುಲಭ. ಪಿಡಿಬಿಯಿಂದ (ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹ) 2ಸಿ9ವಿ (ಸಾಮಾನ್ಯ ರಚನೆ) ಮತ್ತು 1ಯುಎಕ್ಸ್‌ಎಂ (ಬದಲಾದ ರಚನೆ) ಇಳಿಸಿ ಒಂದರ ಮೇಲೊಂದು ಕೂರಿಸಿ. ಬಹಳ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ, ಜೋಡಣೆಯ ಅಂಚನ್ನಷ್ಟೇ ನೋಡಿ. ಇತ್ತೀಚಿನ ವರದಿಗಳಲ್ಲಿ ಇದೇ ಬದಲಾವಣೆ 5ನೇ ಜಾಗ ಅಂತ ಬರುತ್ತದೆ, ಮೊದಲ ಮೆಥಿಯೊನಿನ್ ಸೇರಿಸಿ ಎಣಿಸುತ್ತಾರೆ. ಪಿಡಿಬಿ ಕಡತದಲ್ಲಿ 4ನೆಯದನ್ನೇ ಹುಡುಕಿ.