ಹೂ ಬಿಟ್ಟಿದ್ದನ್ನು ತಿಪ್ಪೆಗೆ ಹಾಕಬೇಡ ಪುಟ್ಟ
ಪುಟ್ಟ, ಈಗ ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡಲು ಕಣ್ಣು ಕಾಣುವುದಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಕೆಳಗಿನ ಹೊಲದ ತುಂಬ ಕಾಂಗ್ರೆಸ್ ಗಿಡ ಬಂದಿದೆ, ಅರ್ಧಕ್ಕರ್ಧ ಬಿಳಿ ಹೂವಾಗಿದೆ, ಕಿತ್ತು ತಿಪ್ಪೆಗೆ ಹಾಕಲಾ ದೊಡ್ಡಪ್ಪ, ಕೂಸಿಗೆ ಏನಾದರೂ ಆಗುತ್ತಾ ಅಂತ ಕೇಳಿದ್ದೀಯ. ಹಾಕಬೇಡ. ಹೂ ಬಿಟ್ಟ ಗಿಡ ತಿಪ್ಪೆಗೆ ಹೋಗಲೇಬಾರದು.

ನಿಮ್ಮಪ್ಪನ ಮದುವೆ ವರ್ಷ ನಾನು ಅದೇ ಕೆಲಸ ಮಾಡಿದ್ದೆ. ಬೀಗರು ಬರುತ್ತಾರೆ, ಚೊಕ್ಕಟವಾಗಿರಲಿ ಅಂತ ಹಳೇ ಕಣದಲ್ಲಿ ಎದೆಯುದ್ದ ಬೆಳೆದಿದ್ದನ್ನೆಲ್ಲ ಎರಡು ದಿನ ಬರಿಗೈಯಲ್ಲಿ ಕಿತ್ತೆ. ಗಾಡಿಗೆ ತುಂಬಿ ತಿಪ್ಪೆಗೆ ಸುರಿದೆ. ಅವ್ವ ಬೇಡ ಅಂದಳು. ಸಗಣಿ ಶಾಖಕ್ಕೆ ಬೀಜ ಬೆಂದುಹೋಗುತ್ತೆ ಅಂತ ನಾನೇ ಅವಳಿಗೆ ಬುದ್ಧಿ ಹೇಳಿದೆ. ಮೂರನೇ ದಿನಕ್ಕೆ ಕುತ್ತಿಗೆ, ಮೊಣಕೈ, ಕಣ್ಣಿನ ರೆಪ್ಪೆ ಎಲ್ಲ ಕೆಂಪಗೆ ಊದಿಕೊಂಡವು. ಅದಕ್ಕೆ ಮುಂಚೆ ಎಷ್ಟೋ ಸಲ ಮುಟ್ಟಿದ್ದೆ, ಏನೂ ಆಗಿರಲಿಲ್ಲ. ಮುಟ್ಟಿ ಮುಟ್ಟಿ ಒಂದು ದಿನ ಹಿಡಿಯುತ್ತೆ ಅದು. ಧಾರೆ ಫೋಟೊ ನೋಡು, ಹಿಂದೆ ಕುತ್ತಿಗೆ ಕೆರೆದುಕೊಳ್ಳುತ್ತಾ ನಿಂತಿರುವವನು ನಾನೇ.

ತುರಿಕೆ ಬಿಡು, ಹೋಯಿತು. ಮುಂದಿನ ಮುಂಗಾರಿಗೆ ಆ ತಿಪ್ಪೆ ಗೊಬ್ಬರವನ್ನೇ ಮೇಲಿನ ಹೊಲಕ್ಕೆ ಹೊಡೆಸಿದೆ. ರಾಗಿಗಿಂತ ಮೊದಲು ಅದೇ ಹುಟ್ಟಿತು! ಕ್ಯಾರೆಟ್ ಸೊಪ್ಪು ಬಿತ್ತಿದ ಹಾಗೆ, ನೆಲವೇ ಕಾಣದು. ಒಂದು ಗಿಡದಲ್ಲಿ 15,000ದಿಂದ 25,000 ಬೀಜ ಇರುತ್ತಂತೆ. ಅಮೆರಿಕದ ಗೋಧಿ ಜೊತೆ ಬಂತು ಅಂತಾರೆ, ಪುಣೆಯಲ್ಲಿ 1955ರ ಸುಮಾರಿಗೆ ಕಂಡಿದ್ದು. ಪುಣೆಯಿಂದ ಕಣದವರೆಗೆ ಅದೇ ಬಂತು, ಕಣದಿಂದ ಹೊಲಕ್ಕೆ ನಾನೇ ಗಾಡಿ ಬಾಡಿಗೆ ಕೊಟ್ಟು ಹೊಡೆಸಿದೆ. ಅದಕ್ಕೇ ಹೇಳುತ್ತಿದ್ದೇನೆ, ಹೂ ಬಿಟ್ಟಿದ್ದನ್ನು ತಿಪ್ಪೆಗೆ ಹಾಕಬೇಡ.

ಆ ವರ್ಷ ಕಳೆಗೆ ಮೂರು ಸಲ ಆಳು ಹಾಕಿದೆ. ಕೂಲಿ ನನ್ನ ಜೇಬಿಂದ. ರಾಗಿ ಮಾತ್ರ ನಾಲ್ಕು ಪಾಲು! ಎಷ್ಟಾಯಿತಣ್ಣ ಅಂತ ನಿಮ್ಮಪ್ಪ ಒಂದು ದಿನ ಕೇಳಲಿಲ್ಲ. ಇದೇ ಗ್ರೂಪಲ್ಲಿ ಇದ್ದಾನೆ, ಕೇಳಿಸಿಕೊಳ್ಳಲಿ. ಮೈಸೂರಿನವನಂತೂ ಈ ಸಲ ರಾಗಿಯಲ್ಲಿ ಕಲ್ಲು ಜಾಸ್ತಿ ಅಂತ ಕಾಗದ ಬರೆದಿದ್ದ. ಆ ಕಾಗದ ಇನ್ನೂ ನನ್ನ ಟ್ರಂಕಿನಲ್ಲಿದೆ. ಹೊಲ ಎಲ್ಲರದು, ಕಳೆ ನನ್ನದು, ಅಲ್ವಾ?

ಅಯ್ಯೋ, ನೀನು ಕೇಳಿದ್ದೇ ಬೇರೆ. ಮಳೆ ಬಿದ್ದ ಮಾರನೇ ದಿನ ಕೀಳು, ಬೇರು ಸಮೇತ ಬರುತ್ತೆ. ಬರೀ ಕೊಯ್ದರೆ ಮತ್ತೆ ಚಿಗುರುತ್ತೆ. ಗ್ಲೌಸ್, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ಕೂಸನ್ನು ಆ ಕಡೆ ಬಿಡಬೇಡ, ಹಾಕಿಕೊಂಡ ಬಟ್ಟೆಯನ್ನೂ ಬೇರೆ ಒಗೆಸು. ಹೂ ಬಾರದ ಎಳೆ ಗಿಡ ಬೇಕಾದರೆ ತಿಪ್ಪೆಗೆ ಹಾಕು, ಒಳ್ಳೇ ಗೊಬ್ಬರ ಆಗುತ್ತೆ. ಹೂ ಬಂದಿದ್ದನ್ನು ಕೊಡವದೆ ಚೀಲಕ್ಕೆ ತುಂಬಿ, ಹೊಲದ ಮೂಲೆಯಲ್ಲೇ ಆಳದ ಗುಂಡಿ ತೆಗೆದು ಮುಚ್ಚು. ಆಮೇಲೆ ಆ ಜಾಗ ಅಗೆಯಬೇಡ. ಬೇಲಿ ಪಕ್ಕ ತಗಚೆ ಬೀಜ ಎರಚು, ಅದು ಬೆಳೆದರೆ ಇದನ್ನು ಅಮುಕುತ್ತೆ. ಎಲೆ ಮೇಲೆ ಕಂದು ಗೆರೆಯ ಸಣ್ಣ ದುಂಬಿ ಕಂಡರೆ ಔಷಧಿ ಹೊಡೆಯಬೇಡ. ಈ ಗಿಡ ತಿನ್ನಲಿ ಅಂತಲೇ 1984ರಲ್ಲಿ ಬೆಂಗಳೂರಲ್ಲಿ ಮೆಕ್ಸಿಕೋದಿಂದ ತಂದು ಬಿಟ್ಟ ದುಂಬಿ ಅದು.

ಗುಂಡಿ ತೆಗೆಯಲು ಗುದ್ದಲಿ ನಿಮ್ಮ ಮನೆಯಲ್ಲೇ ಇದೆ. ನಿಮ್ಮಪ್ಪ ಹೋದ ಯುಗಾದಿಗೆ ನನ್ನದನ್ನು ತೆಗೆದುಕೊಂಡು ಹೋದವನು ವಾಪಸ್ ಕೊಟ್ಟಿಲ್ಲ.