ಲಿಕ್ಸ್‌ನಲ್ಲಿ ‘/’ ಒತ್ತಿದರೆ ಭಿನ್ನರಾಶಿ ಬರಬೇಕಾ?

ಲೆಕ್ಕದ_ಮೇಷ್ಟ್ರು
ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ಲಿಕ್ಸ್‌ನಲ್ಲೇ. ಗೊತ್ತಿಲ್ಲದವರಿಗೆ: ಲಿಕ್ಸ್ ಒಂದು ಓಪನ್ ಸೋರ್ಸ್ ಡಾಕ್ಯುಮೆಂಟ್ ಪ್ರೊಸೆಸರ್. ಪರದೆ ಮೇಲೆ ಸೂತ್ರ ಸೂತ್ರದ ಹಾಗೇ ಕಾಣುತ್ತೆ, ಪಿಡಿಎಫ್ ಮಾಡುವಾಗ ಒಳಗಡೆ ಲೇಟೆಕ್ ಅನ್ನೋ ಅಚ್ಚುಜೋಡಣೆ ತಂತ್ರಾಂಶ ಕೆಲಸ ಮಾಡುತ್ತೆ. ಅದರ ಸೂತ್ರ ಎಡಿಟರ್ ಬಗ್ಗೆ ಒಂದು ಬೇಡಿಕೆ ಇದೆ. ವರ್ಡ್‌ನಲ್ಲಿ 2007ರಿಂದಲೂ ಎ/ಬಿ ಅಂತ ಹೊಡೆದು ಸ್ಪೇಸ್ ಒತ್ತಿದರೆ ಮೇಲೆ ಎ, ಕೆಳಗೆ ಬಿ ಬಂದು ಕೂರುತ್ತವೆ. ಲಿಕ್ಸ್‌ನಲ್ಲಿ ಓರೆಗೆರೆ ಓರೆಗೆರೆಯಾಗೇ ಉಳಿಯುತ್ತೆ. ಭಿನ್ನರಾಶಿ ಬೇಕಂದ್ರೆ ಆಲ್ಟ್-ಎಂ ಒತ್ತಿ ಆಮೇಲೆ ಎಫ್, ಇಲ್ಲ ಬ್ಯಾಕ್‌ಸ್ಲ್ಯಾಶ್ ಹಾಕಿ ಫ್ರ್ಯಾಕ್ ಅಂತ ಟೈಪ್ ಮಾಡಬೇಕು. ‘/’ ಒತ್ತಿದ ಕೂಡಲೇ ಎಡಗಡೆ ಇರೋದನ್ನ ಎಡಿಟರೇ ಎತ್ತಿ ಅಂಶಕ್ಕೆ ಹಾಕಿದರೆ ಎಷ್ಟು ಸುಲಭ! ಲಿಕ್ಸ್ ಬರೆದಿರೋ ಸಿ++ ಭಾಷೆ ಬಲ್ಲವರು ಯಾರಾದ್ರೂ ಕೈ ಜೋಡಿಸ್ತೀರಾ? ಹಾಗೇ, ಸ್ಪೇಸ್ ಒತ್ತಿದರೆ ಕರ್ಸರ್ ಘಾತ, ಅಂಶ ಇಂಥವನ್ನ ಬರೆಯೋ ಪೆಟ್ಟಿಗೆಯಿಂದ ಆಚೆ ಜಿಗಿಯೋದೂ ಹೊಸಬರಿಗೆ ಕಿರಿಕಿರಿ.

ಲೇಟೆಕ್_ಲಲಿತಾ
ಸ್ಪೇಸ್ ಕಿರಿಕಿರಿನಾ? ಸಾರ್, ಲಿಕ್ಸ್‌ನಲ್ಲಿ ಇರೋ ಅತಿ ಒಳ್ಳೇ ಗುಣವೇ ಅದು. ಲೇಟೆಕ್ ಗಣಿತದಲ್ಲಿ ಸ್ಪೇಸ್‌ಗೆ ಬೆಲೆ ಇಲ್ಲ, ಎಷ್ಟು ಹಾಕಿದರೂ ಅಚ್ಚಿನಲ್ಲಿ ಬರಲ್ಲ. ಸುಮ್ನೆ ಬಿದ್ದಿದ್ದ ಅಷ್ಟು ದೊಡ್ಡ ಕೀಲಿಗೆ ‘ಹೊರಗೆ ಬಾ’ ಅನ್ನೋ ಕೆಲಸ ಕೊಟ್ಟಿದ್ದಾರೆ. ನಿಜವಾದ ಜಾಗ ಬೇಕಾದ್ರೆ ಕಂಟ್ರೋಲ್-ಸ್ಪೇಸ್ ಇದೆ. ಮ್ಯಾನ್ಯುಯಲ್ ಓದಿದ್ದೀರಾ?

ಲೆಕ್ಕದ_ಮೇಷ್ಟ್ರು
ಓದಿದ್ದೇನೆ ಅಮ್ಮ. ನನ್ನ ವಿದ್ಯಾರ್ಥಿಗಳು ಓದಿಲ್ಲ. ಎಕ್ಸ್, ಕ್ಯಾರೆಟ್ (^), 2 ಹೊಡೀತಾರೆ, ತಕ್ಷಣ +1 ಹೊಡೀತಾರೆ. ಆ +1 ಕೂಡ ಘಾತಕ್ಕೆ ಹತ್ತಿ ಕೂರುತ್ತೆ. ಎಕ್ಸ್ ವರ್ಗ ಕೂಡಿಸು ಒಂದು ಆಗಬೇಕಿದ್ದಿದ್ದು ಎಕ್ಸ್ ಘನ ಆಯ್ತು! ವರ್ಡ್‌ನಲ್ಲಿ + ಕಂಡ ಕೂಡಲೇ ಘಾತ ಮುಗೀತು ಅಂತ ಅದಕ್ಕೇ ಗೊತ್ತಾಗುತ್ತೆ.

ಲೇಟೆಕ್_ಲಲಿತಾ
‘ಅದಕ್ಕೇ ಗೊತ್ತಾಗುತ್ತೆ’ ಅಂತೀರಲ್ಲ, ಹಾಗಾದ್ರೆ ಘಾತವೇ ಎನ್+1 ಇದ್ದರೆ? ಆವರಣ ಹಾಕಬೇಕು, ಆಮೇಲೆ ಅದೇ ಆವರಣ ಮಾಯ ಆಗುತ್ತೆ. ನಾನು ಹೊಡೆದಿದ್ದನ್ನ ಎಡಿಟರ್ ತಿನ್ನಬಾರದು. ಅಷ್ಟೇ.

ಸಿಪ್ಲಸ್_ಸೀನ
ಮೂಲ ಪ್ರಶ್ನೆಗೆ ಬರ್ತೀನಿ. ಲಿಕ್ಸ್ ಸೋರ್ಸ್‌ನಲ್ಲಿ ‘ಮ್ಯಾಥ್‌ಎಡ್’ ಅಂತ ಒಂದು ಫೋಲ್ಡರ್ ಇದೆ, ಸೂತ್ರಕ್ಕೆ ಸಂಬಂಧಪಟ್ಟಿದ್ದೆಲ್ಲ ಅಲ್ಲೇ. ಭಿನ್ನರಾಶಿಗೆ ‘ಇನ್‌ಸೆಟ್‌ಮ್ಯಾಥ್‌ಫ್ರ್ಯಾಕ್’, ಘಾತ-ಪಾದಾಂಕಕ್ಕೆ ‘ಇನ್‌ಸೆಟ್‌ಮ್ಯಾಥ್‌ಸ್ಕ್ರಿಪ್ಟ್’, ಹೀಗೆ ಒಂದೊಂದಕ್ಕೆ ಒಂದೊಂದು ಕ್ಲಾಸ್, ಅಂದರೆ ಕೋಡ್‌ನ ತುಂಡು. ಪ್ರತಿಯೊಂದೂ ತನ್ನ ಅಳತೆ ತಾನೇ ಲೆಕ್ಕ ಹಾಕುತ್ತೆ, ತಾನೇ ಚಿತ್ರಿಸಿಕೊಳ್ಳುತ್ತೆ, ತಾನೇ ಲೇಟೆಕ್ ಬರೆಯುತ್ತೆ. ಒಂದು ಪೆಟ್ಟಿಗೆಯೊಳಗೆ ಇರೋದು ಮಾತ್ರ ಬಿಡಿ ಬಿಡಿ ಅಕ್ಷರಗಳ ಸಾಲು. 2, ಎಕ್ಸ್, ವೈ ಪಕ್ಕಪಕ್ಕ ಇದ್ದರೆ ಅದು ಗುಣಾಕಾರ ಅಂತ ಎಡಿಟರ್‌ಗೆ ಗೊತ್ತೇ ಇಲ್ಲ. ‘ಎಡಗಡೆ ಇರೋದನ್ನ ಎತ್ತಿಕೋ’ ಅಂದರೆ ಎಲ್ಲಿವರೆಗೆ ಎತ್ತಬೇಕು? ಎಬಿ/ಸಿ ಅಂದರೆ ಎಬಿ ಪೂರ್ತಿ ಮೇಲಕ್ಕಾ, ಬಿ ಮಾತ್ರನಾ? ಸೈನ್ ಎಕ್ಸ್/2 ಅಂದರೆ?

ಲೆಕ್ಕದ_ಮೇಷ್ಟ್ರು
ವರ್ಡ್ ಇದಕ್ಕೆ ನಿಯಮ ಮಾಡಿಕೊಂಡಿದೆಯಲ್ಲ. ಅದೇನೂ ಗುಟ್ಟಲ್ಲ. ಯೂನಿಕೋಡ್‌ನವರ 28ನೇ ಟೆಕ್ನಿಕಲ್ ನೋಟ್‌ನಲ್ಲಿ ಸಾಲಾಗಿ ಗಣಿತ ಬರೆಯೋ ಕ್ರಮ ಪೂರ್ತಿ ಇದೆ. ಕದ್ದುಕೊಳ್ಳಬೇಕಾಗಿಲ್ಲ, ಓದಿಕೊಂಡರೆ ಸಾಕು.

ಲೇಟೆಕ್_ಲಲಿತಾ
ಮಾತೆತ್ತಿದ್ರೆ ವರ್ಡ್, ವರ್ಡ್. ಹಾಗಾದ್ರೆ ವರ್ಡೇ ಬಳಸಿ ಸಾರ್, ಯಾರು ಬೇಡ ಅಂದ್ರು? ಅದರ ಹಳೇ ಈಕ್ವೇಶನ್ ಎಡಿಟರ್ 3.0ರ ಕಥೆ ನೆನಪಿದೆಯಾ? 2000ದಲ್ಲಿ ಕಂಪೈಲ್ ಆದ ಫೈಲಲ್ಲಿ 17 ವರ್ಷ ಭದ್ರತೆಯ ತೂತು. 2017ರ ನವೆಂಬರ್‌ನಲ್ಲಿ ತೇಪೆ ಹಾಕಿದ್ರು. 2018ರ ಜನವರಿಯಲ್ಲಿ ಎಡಿಟರನ್ನೇ ಕಿತ್ತು ಬಿಸಾಕಿದ್ರು. ಹಳೇ ಸೂತ್ರ ತಿದ್ದಬೇಕಾದವರು ತಲೆ ಮೇಲೆ ಕೈ ಹೊತ್ತು ಕೂತರು.

ಹುಬ್ಬಳ್ಳಿ_ಮಂದಿ
ಅಲ್ರೀ, ಆ ಹಳೇ ಎಡಿಟರ್‌ನಾಗೂ ಸ್ಪೇಸ್ ಒತ್ತಿದ್ರ ಜಾಗ ಬರ್ತಿರ್ಲಿಲ್ಲ! ಅಂದ್ರ ನಿಮ್ಮ ‘ಒಳ್ಳೇ ಗುಣ’ ಅದಕ್ಕೂ ಇತ್ತು ಅನ್ರಿ. ನಾನು ಲಿಬ್ರೆ ಆಫೀಸ್‌ನ ಸೂತ್ರ ಎಡಿಟರ್ ‘ಮ್ಯಾಥ್’ ಬಳಸ್ತೀನಿ. ಎ ಓವರ್ ಬಿ ಅಂತ ಬರದ್ರ ಮುಗೀತು. ಗುಂಪು ಮಾಡಬೇಕಂದ್ರ ಹೂವಿನ ಆವರಣ, ಖಾಲಿ ಜಾಗ ಬೇಕಂದ್ರ ಅಲೆಗೆರೆ (~). ಎಲ್ಲಿವರೆಗೆ ಎತ್ತಬೇಕು ಅನ್ನೋ ಜಗಳನೇ ಇಲ್ಲ.

ಲೇಟೆಕ್_ಲಲಿತಾ
ಜಾಗ ಬರ್ತಿರಲಿಲ್ಲ ಸರಿ, ಕರ್ಸರ್ ಹೊರಗೆ ಬರ್ತಿತ್ತಾ? ಇಲ್ಲ. ಎರಡೂ ಬೇರೆ ಬೇರೆ. ‘ಓವರ್’ ಅಂತ ನಾಲ್ಕಕ್ಷರ ಹೊಡೆಯೋದಕ್ಕಿಂತ ಫ್ರ್ಯಾಕ್ ಏನು ಕಷ್ಟ?

ಹುಬ್ಬಳ್ಳಿ_ಮಂದಿ
ಕಷ್ಟ ಅಂತ ಯಾರ್ ಹೇಳಿದ್ರು? ಓದಿದ್ರ ಅರ್ಥ ಆಗ್ತದ ಅಂದೆ. ನೀವು ಲಿಕ್ಸ್ ಲಿಕ್ಸ್ ಅಂತೀರಿ, 1995ರಾಗ ಅದನ್ನ ಶುರು ಮಾಡಿದ ಮಥಿಯಾಸ್ ಎಟ್ರಿಚ್ ಮುಂದಿನ ವರ್ಷನೇ ಕೆಡಿಇ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟಲಿಕ್ಕೆ ಹೋದ್ರು. ಕಟ್ಟಿದವರೇ ಬಿಟ್ಟ ಮನಿ.

ಸಿಪ್ಲಸ್_ಸೀನ
ಇದೆಂಥ ವಾದ ಮಾರಾಯ್ರೇ. ಅವರು ಕೆಡಿಇ ಕಡೆ ಹೋದ ಮೇಲೂ ಲಿಕ್ಸ್ ನಿಂತಿಲ್ಲ. 2024ರಲ್ಲಿ 2.4 ಬಂತು. ಡಾಕ್‌ಬುಕ್ 5, ಇಪಬ್ ರೂಪಗಳಿಗೆ ರಫ್ತು ಅದರಲ್ಲೇ ಸೇರಿದ್ದು. ಲಿಬ್ರೆ ಆಫೀಸ್ ಕಥೆಯೂ ಅಷ್ಟೇ ಅಲ್ವಾ? ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಕೊಂಡುಕೊಂಡಿತು, ಅದರಿಂದ ಬಂದ ಓಪನ್ ಆಫೀಸ್ 2010ರಲ್ಲಿ ಕವಲೊಡೆದು ಲಿಬ್ರೆ ಆಫೀಸ್ ಆಯಿತು. ಎಷ್ಟು ಮನೆ ಬದಲಾಯ್ತು ಎಣಿಸ್ತೀರಾ?

ಕಿವಿಯಲ್ಲಿ_ಓದುವವ
ನಾನು ಸ್ಕ್ರೀನ್ ರೀಡರ್ ಬಳಸುವವನು, ಕಣ್ಣು ಕಾಣುವುದಿಲ್ಲ. ಮೇಷ್ಟ್ರ ಬೇಡಿಕೆ ನನಗೆ ಬೇರೆ ಕಾರಣಕ್ಕೆ ಮುಖ್ಯ ಅನಿಸಿತು. ಲಿಕ್ಸ್‌ನಿಂದ ವೆಬ್ ಪುಟಕ್ಕೆ ರಫ್ತು ಮಾಡುವಾಗ ಸೂತ್ರಗಳನ್ನು ಮ್ಯಾಥ್‌ಎಂಎಲ್, ಅಂದರೆ ವೆಬ್‌ನಲ್ಲಿ ಗಣಿತ ಬರೆಯುವ ಭಾಷೆ, ಆಗಿ ತೆಗೆಯಬಹುದು. ಸೀನ ಹೇಳಿದ ಆ ಕ್ಲಾಸ್‌ಗಳೇ ಅದನ್ನೂ ಬರೆಯುವುದು. ಬರೀ ಓರೆಗೆರೆ ಇದ್ದರೆ ‘ಎ ಕೂಡಿಸು ಬಿ ಸ್ಲ್ಯಾಶ್ ಸಿ’ ಅಂತ ಓದುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ? ನಿಜವಾದ ಭಿನ್ನರಾಶಿ ಇದ್ದರೆ ಎಲ್ಲಿ ಶುರು, ಎಲ್ಲಿ ಮುಗಿತು ಅಂತ ಹೇಳುತ್ತದೆ, ಬಾಣದ ಕೀಲಿಯಿಂದ ಒಳಗೆ ಇಳಿದು ಒಂದೊಂದೇ ಭಾಗ ಕೇಳಬಹುದು. 2023ರ ಜನವರಿಯಲ್ಲಿ ಕ್ರೋಮ್ 109 ಬಂದ ಮೇಲೆ ಕ್ರೋಮ್‌ನಲ್ಲೂ ಮ್ಯಾಥ್‌ಎಂಎಲ್ ಮತ್ತೆ ಬಂದಿದೆ. ಭಿನ್ನರಾಶಿ ಹಾಕುವುದು ಸುಲಭ ಆದಷ್ಟೂ ಜನ ಸರಿಯಾಗಿ ಹಾಕುತ್ತಾರೆ. ಕೀಲಿ ಜಗಳಕ್ಕಿಂತ ಇದು ದೊಡ್ಡದು.

ಲೇಟೆಕ್_ಲಲಿತಾ
‘ಮತ್ತೆ ಬಂದಿದೆ’ ಅಂದಿರಿ, ಅದೇ ನೋಡಿ. ಕ್ರೋಮ್ 2013ರಲ್ಲಿ ಒಂದು ಆವೃತ್ತಿಯಲ್ಲಿ ಕೊಟ್ಟು ಮುಂದಿನದರಲ್ಲೇ ಕಿತ್ತುಕೊಂಡಿತ್ತು. ಆಮೇಲೆ ಹತ್ತು ವರ್ಷ ಅದರಲ್ಲಿ ಇರಲೇ ಇಲ್ಲ. ಮ್ಯಾಥ್‌ಎಂಎಲ್ 1998ರದು, ಲೇಟೆಕ್ ಅದಕ್ಕಿಂತ ಹಳೇದು, ಇವತ್ತಿಗೂ ಅಲ್ಲಾಡಿಲ್ಲ. ಅಂಥದ್ದನ್ನ ನಂಬಿ ಎಡಿಟರ್ ಬದಲಿಸಬೇಕಾ?

ಕಿವಿಯಲ್ಲಿ_ಓದುವವ
ಫೈರ್‌ಫಾಕ್ಸ್‌ನಲ್ಲಿ ಆ ಹತ್ತು ವರ್ಷವೂ ಇತ್ತು. ಮತ್ತೆ, ನಾನು ಲೇಟೆಕ್ ಬಿಡಿ ಅಂದೆನಾ? ನಾನು ಹೇಳಿದ್ದರಲ್ಲಿ ಎರಡು ಪದ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿರಿ.

ಹುಬ್ಬಳ್ಳಿ_ಮಂದಿ
ಮ್ಯಾಥ್‌ಎಂಎಲ್ ಬೇಕಂದ್ರ ನಮ್ಮ ಕಡೆ ಬರ್ರಿ ಸರ. ಲಿಬ್ರೆ ಆಫೀಸ್‌ನ ಓಡಿಎಫ್ ಫೈಲ್‌ನಾಗ ಸೂತ್ರ ಮ್ಯಾಥ್‌ಎಂಎಲ್ ಆಗೇ ಕೂಡ್ತದ.

ಸಿಪ್ಲಸ್_ಸೀನ
ಕೂರುತ್ತೆ, ಜೊತೆಗೆ ನೀವು ಹೊಡೆದ ‘ಎ ಓವರ್ ಬಿ’ ಪಠ್ಯವನ್ನೂ ಟಿಪ್ಪಣಿ ಅಂತ ಒಳಗೇ ಇಟ್ಟಿರುತ್ತೆ. ಅರ್ಧ ಮಾತು ಹೇಳಬೇಡಿ.

ಹುಬ್ಬಳ್ಳಿ_ಮಂದಿ
ಇಟ್ರ ನಿಮಗೇನ್ ತ್ರಾಸು?

ಲೆಕ್ಕದ_ಮೇಷ್ಟ್ರು
ದಯವಿಟ್ಟು ‘/’ ಕಡೆ ಬನ್ನಿ. ಸೀನ, ಎಬಿ/ಸಿ ಅಂದರೆ ಎಬಿ ಪೂರ್ತಿ ಮೇಲಕ್ಕೆ. ಅಕ್ಷರ, ಅಂಕಿ ಸಾಲಾಗಿ ಇರೋವರೆಗೂ ಎತ್ತಿ, ಕೂಡುವ ಕಳೆಯುವ ಚಿಹ್ನೆ ಬಂದಲ್ಲಿ ನಿಲ್ಲಿಸಿ. ಮುಚ್ಚಿದ ಆವರಣ ಸಿಕ್ಕರೆ ಅದರ ಜೋಡಿಯವರೆಗೂ ಹೋಗಿ. ತಪ್ಪಾದರೆ ಕಂಟ್ರೋಲ್-ಝಡ್ ಒತ್ತಿದಾಗ ಬರೀ ಓರೆಗೆರೆ ಉಳಿಯಲಿ.

ಸಿಪ್ಲಸ್_ಸೀನ
‘ಮುಚ್ಚಿದ ಆವರಣ ಸಿಕ್ಕರೆ’, ಅಲ್ಲೇ ಇರೋದು ತಲೆನೋವು. ಲಿಕ್ಸ್‌ನಲ್ಲಿ ಆವರಣ ಎರಡು ಥರ. ಟೂಲ್‌ಬಾರ್‌ನಿಂದ ಹಾಕಿದರೆ ಹಿಗ್ಗೋ ಆವರಣ, ಅದು ಒಂದೇ ಇನ್‌ಸೆಟ್, ಅಂದರೆ ಒಂದೇ ಪೆಟ್ಟಿಗೆ. ಕೀಬೋರ್ಡಿನಿಂದ ಹೊಡೆದರೆ ಬರೀ ಎರಡು ಬಿಡಿ ಅಕ್ಷರ, ಒಂದಕ್ಕೊಂದು ಸಂಬಂಧವೇ ಇಲ್ಲ. ಸೂತ್ರವನ್ನ ಮ್ಯಾಕ್ಸಿಮಾ ಅನ್ನೋ ಗಣಿತ ಬಿಡಿಸೋ ತಂತ್ರಾಂಶಕ್ಕೆ ಕಳಿಸೋವಾಗ ಅರ್ಥ ಊಹಿಸೋ ಕೋಡ್ ಇದೆ. ಒಂದೊಂದು ಕೀಲಿ ಒತ್ತಿದಾಗಲೂ ಅದನ್ನ ಓಡಿಸೋದು ನನಗೆ ಸರಿ ಕಾಣಲ್ಲ. ಅಂಶವನ್ನ ಸೆಲೆಕ್ಟ್ ಮಾಡಿ ಆಲ್ಟ್-ಎಂ ಎಫ್ ಒತ್ತಿದರೆ ಅದು ತಾನಾಗೇ ಮೇಲಕ್ಕೆ ಹೋಗುತ್ತಲ್ಲ. ಅಷ್ಟು ಸಾಲದಾ? ಕೀಲಿ ಇಷ್ಟ ಇಲ್ಲ ಅಂದರೆ ಟೂಲ್ಸ್, ಪ್ರಿಫರೆನ್ಸಸ್, ಎಡಿಟಿಂಗ್, ಶಾರ್ಟ್‌ಕಟ್ಸ್‌ಗೆ ಹೋಗಿ ಬದಲಿಸಿಕೊಳ್ಳಿ.

ಲೆಕ್ಕದ_ಮೇಷ್ಟ್ರು
ಬರೆದು ಮುಗಿದ ಮೇಲೆ ಹಿಂದಕ್ಕೆ ಹೋಗಿ ಸೆಲೆಕ್ಟ್ ಮಾಡೋದಾದ್ರೆ ಕೈಯಲ್ಲೇ ಬರೀತೀನಿ ಬಿಡಿ.

ಲೇಟೆಕ್_ಲಲಿತಾ
ಕೈಯಲ್ಲಿ ಬರೆದರೂ ಪದಕ್ಕೂ ಪದಕ್ಕೂ ಮಧ್ಯೆ ಜಾಗ ಬಿಡಬೇಕು ಸಾರ್. ಸ್ಪೇಸ್ ಎಲ್ಲಿಗೆ ಹೋದರೂ ತಪ್ಪಿದ್ದಲ್ಲ.

ಹುಬ್ಬಳ್ಳಿ_ಮಂದಿ
ಸ್ಪೇಸ್ ಬಿಡಂಗಿಲ್ಲ ನೋಡ್ರಿ ಇವ್ರು!

ಲೇಟೆಕ್_ಲಲಿತಾ
ಬಿಡಲ್ಲ. ದಿನಕ್ಕೆ ನೂರಾರು ಸಲ ಒತ್ತೋ ಕೀಲಿ ಅದು. ಘಾತದಿಂದ ಹೊರಗೆ, ವರ್ಗಮೂಲದಿಂದ ಹೊರಗೆ, ಕೊನೆಗೆ ಸೂತ್ರದಿಂದಲೇ ಹೊರಗೆ, ಎಲ್ಲ ಒಂದೇ ಹೆಬ್ಬೆರಳಲ್ಲಿ. ಹೊಸಬರು ಬೇಗ ಕಲೀತಾರೆ. ಅದನ್ನ ವರ್ಡ್ ಥರ ಮಾಡಿದರೆ ವರ್ಷಗಟ್ಟಲೆ ಬಳಸಿದವರ ಕೈ ಪೂರ್ತಿ ಕೆಡುತ್ತೆ.

ಲೆಕ್ಕದ_ಮೇಷ್ಟ್ರು
ಸ್ಪೇಸ್ ಬದಲಿಸಿ ಅಂತ ನಾನು ಎಲ್ಲಿ ಹೇಳಿದೆ? ಕಿರಿಕಿರಿ ಅಂದೆ, ಅಷ್ಟೇ.

ಲೇಟೆಕ್_ಲಲಿತಾ
ಅಂದ್ರಲ್ಲ.

ಕನ್ನಡ_ಅಚ್ಚು
ತಡವಾಗಿ ಬಂದೆ. ಇದೆಲ್ಲ ಇರಲಿ, ಸೂತ್ರದೊಳಗೆ ಕನ್ನಡ ಬರೆಯೋ ಗತಿ ಏನು? ‘ವೇಗ = ದೂರ / ಕಾಲ’ ಅಂತ ಎಂಟನೇ ತರಗತಿ ನೋಟ್ಸ್‌ಗೆ ಬೇಕು. ಜೀಟೆಕ್‌ನಲ್ಲಿ (ಯೂನಿಕೋಡ್ ಫಾಂಟ್ ಬಳಸೋ ಟೆಕ್) ಪಿಡಿಎಫ್ ಮಾಡಿದರೆ ಸಮ ಚಿಹ್ನೆ, ಓರೆಗೆರೆ ಬಂತು. ಕನ್ನಡ ಪದಗಳ ಜಾಗ ಖಾಲಿ. ಎರರ್ ಕೂಡ ಇಲ್ಲ.

ಸಿಪ್ಲಸ್_ಸೀನ
ಗಣಿತದ ಫಾಂಟ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಅದಕ್ಕೆ. ಲಾಗ್ ಫೈಲ್ ತೆರೆದು ನೋಡಿ, ‘ಮಿಸ್ಸಿಂಗ್ ಕ್ಯಾರೆಕ್ಟರ್’ ಅಂತ ಒಂದೊಂದು ಅಕ್ಷರಕ್ಕೂ ಬರೆದಿರುತ್ತೆ. ಕನ್ನಡ ಪದಗಳನ್ನ ಟೆಕ್ಸ್ಟ್ ಪೆಟ್ಟಿಗೆಯೊಳಗೆ ಹಾಕಿ, ಡಾಕ್ಯುಮೆಂಟ್ ಫಾಂಟ್ ನೋಟೋ ಕನ್ನಡ ಇಡಿ. ಬರುತ್ತೆ.

ಕನ್ನಡ_ಅಚ್ಚು
ಪೆಟ್ಟಿಗೆ ಯಾಕೆ? ಕನ್ನಡ ಅಕ್ಷರ ಬಂದ ಕೂಡಲೇ ಎಡಿಟರೇ ಟೆಕ್ಸ್ಟ್ ಪೆಟ್ಟಿಗೆ ತೆರೆಯಬಹುದಲ್ವಾ? ಇಲ್ಲಿ ಊಹಿಸೋಕೆ ಏನೂ ಇಲ್ಲ, ಅಕ್ಷರ ನೋಡಿದರೇ ಗೊತ್ತಾಗುತ್ತೆ.

ಸಿಪ್ಲಸ್_ಸೀನ
ಹ್ಞೂಂ, ಇದು ಆಗೋ ಕೆಲಸ. ‘/’ಗಿಂತ ಎಷ್ಟೋ ಸಲೀಸು. ಹೊಸ ಪೋಸ್ಟ್ ಹಾಕಿ, ಇಲ್ಲಿ ಬೇಡ.

ಲೆಕ್ಕದ_ಮೇಷ್ಟ್ರು
ಅವರಿಗಾದ್ರೆ ‘ಆಗೋ ಕೆಲಸ’, ನನಗೆ ಶಾರ್ಟ್‌ಕಟ್ಸ್ ಮೆನು?

ಲೇಟೆಕ್_ಲಲಿತಾ
ಆ ಪೆಟ್ಟಿಗೆಯಿಂದ ಹೊರಗೆ ಬರೋದು ಹೇಗೆ? ಅದರೊಳಗೆ ಸ್ಪೇಸ್ ಒತ್ತಿದರೆ ಜಾಗ ಬರಬೇಕಾ, ಕರ್ಸರ್ ಹೊರಗೆ ಬರಬೇಕಾ? ಮೊದಲು ಅದನ್ನ ತೀರ್ಮಾನ ಮಾಡಿ.

ಹುಬ್ಬಳ್ಳಿ_ಮಂದಿ
ಮತ್ತ ಶುರು ಆತಪ್ಪ.