ಮಾಗಡಿ ಕೆರೆ ಹೆಬ್ಬಾತಿನ ನೆರಳು ಗೊಂಬೆಯಾಟ: ಬಣ್ಣ ಕಾಣವಲ್ದು, ರೆಕ್ಕಿ ಆಡವಲ್ದು

ಶಿರಹಟ್ಟಿ_ಮಾಸ್ತರ:
ಎಂಟನೇತ್ತೆ ಮಕ್ಕಳ ಕಡೆಯಿಂದ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರೋ ಪಟ್ಟೆತಲೆ ಹೆಬ್ಬಾತಿನ ಮ್ಯಾಲೆ 20 ನಿಮಿಷದ ಆಟ ಮಾಡಸಾಕತ್ತೇವ್ರಿ. ಡ್ರಾಯಿಂಗ್ ಶೀಟಿನ ಗೊಂಬಿಗೆ ಪೋಸ್ಟರ್ ಕಲರ್ ಹಚ್ಚಿದ್ರೂ ಪರದೆ ಮ್ಯಾಲೆ ಬರೇ ಕರೀ ನೆರಳು, ಅಂಚೂ ಮಸುಕು. ರೆಕ್ಕಿ ಎತ್ತಿದ್ರ ಹಿಂದಕ್ಕ ಮಡಚತೈತಿ. ಹವಾಮಾನ ಬದಲಾವಣೆನೂ ಬರಬೇಕು. ಕೆರೆ ಒಣಗೂದು ಹೆಂಗ ತೋರಸೂದು?

ಪರದೆ_ಬೆಳಕು, ಧಾರವಾಡ:
ಪೋಸ್ಟರ್ ಕಲರ್ ಬೆಳಕು ಬಿಡಂಗಿಲ್ರಿ ಸರ್. ತೊಗಲು ಗೊಂಬಿಯೊಳಗ ಬಣ್ಣ ಹೊಳಿಯೂದು ಯಾಕಂದ್ರ, ಆಡಿನ ತೊಗಲಿನ ಕೂದಲಾ ತಗದು ಬೆಳಕು ಹಾಯುವಷ್ಟು ತೆಳ್ಳಗ ಹೆರದಿರ್ತಾರ. ಸಾಲಿಗೆ 300 ಜಿಎಸ್‌ಎಂ ಕರೀ ಕಾರ್ಡ್‌ಶೀಟ್ ಸಾಕು. ಬಣ್ಣ ಬೇಕಾದಲ್ಲಿ ಕತ್ತರಿಸಿ, ಹಿಂದ ಜಿಲೇಟಿನ್ ಪೇಪರ್ ಅಂಟಸ್ರಿ. ಈ ಹಕ್ಕಿಯ ಗುರುತ ತಲಿ ಮ್ಯಾಲಿನ ಎರಡು ಕರೀ ಪಟ್ಟೆ. ತಲಿಯ ಬಿಳೀ ಭಾಗ ಕತ್ತರಿಸಿ ತಗದು, ಸುತ್ತಲಿನ ಅಂಚು, ಆ ಎರಡು ಪಟ್ಟೆ ಅಷ್ಟ ಉಳಸ್ರಿ. ಹಿಂದ ಬಟರ್ ಪೇಪರ್. ಪಟ್ಟೆ 4 ಮಿ.ಮೀ.ಗಿಂತ ಸಣ್ಣ ಆದ್ರ ಹರೀತಾವ.

ಅಂಚು ಮಸುಕಾಗೂದು ಬೆಳಕಿನ ತಪ್ಪು. ಟ್ಯೂಬ್‌ಲೈಟ್, ಹಾಲಿನ ಬಣ್ಣದ ಎಲ್‌ಇಡಿ ಬ್ಯಾಡ. ಒಳಗಿನ ತಂತಿ ಕಾಣೋ 60 ವ್ಯಾಟಿನ ಒಂದ ಬಲ್ಬು, ಆಡಸಾವ್ರ ತಲಿಗಿಂತ ಮ್ಯಾಲೆ, ಪರದೆಯಿಂದ 3 ಅಡಿ ಹಿಂದ. ಎರಡು ಹಚ್ಚಿದ್ರ ನೆರಳೂ ಎರಡು. ಬಿಳೀ ಧೋತರ ಬಿಗಿದು ಕಟ್ಟಿ, ಮ್ಯಾಲಿನ ಅಂಚು ನೋಡಾವ್ರ ಕಡೆ 4 ಇಂಚು ವಾಲಸ್ರಿ. ಗೊಂಬಿ ತನ್ನ ಭಾರಕ್ಕ ಬಟ್ಟೆಗೆ ಒರಗಿ ನಿಲ್ತಾವ.

ಬಿದಿರಕಡ್ಡಿ, ಹಾವೇರಿ:
ರೆಕ್ಕಿ ಮಡಚಾಕತ್ತೈತಿ ಅಂದ್ರ ಕಡ್ಡಿ ಭುಜಕ್ಕ ಹತ್ರ ಕಟ್ಟೀರಿ. ತುದಿಯಿಂದ ಮೂರನೇ ಒಂದು ಭಾಗ ಬಿಟ್ಟು ಕಟ್ರಿ. ಸೈಕಲ್ ಸ್ಪೋಕಿನ ತುದಿ ಬಗ್ಗಿಸಿ ಕೊಕ್ಕಿ ಮಾಡಿ, ದಾರ ಸಡಿಲ ಬಿಡ್ರಿ. ಭುಜದ ಕೀಲಿಗೆ ಮೇಣ ಹಚ್ಚಿದ ಹುರಿ, ಎರಡೂ ಕಡೆ ಗಂಟು, ಗಂಟಿನ ಅಡಿ ರಟ್ಟಿನ ಬಿಲ್ಲೆ. ಗಂಟು ಬಿಗಿಯಾದ್ರ ರೆಕ್ಕಿ ಜೋಡಿ ಇಡೀ ಗೊಂಬಿನೂ ತಿರಗತೈತಿ. ಮೈಗೆ ಸೀಳಿದ ಬಿದಿರು, ಮೂರು ಕಡೆ ಕಟ್ಟು.

ಹಳೇ ಮೇಳದವ್ರ ಹತ್ರ ಜಿಂಕಿ ತೊಗಲಿನ ಗೊಂಬಿ ಇದ್ರ ನೋಡಿ ಕಲೀರಿ, ಕೊಳ್ಳಬ್ಯಾಡ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರತೈತಿ.

ಕೆರೆ_ಹಕ್ಕಿ, ಗದಗ:
ಕೆರೆಗೆ ಪರದೆಯಷ್ಟುದ್ದ ನೀಲಿ ಜಿಲೇಟಿನ್ ಪಟ್ಟಿ, ಎರಡೂ ತುದಿಗೆ ಕಡ್ಡಿ. ಇಬ್ಬರು ಸಾವಕಾಶ ಇಳಸ್ರಿ. ಆಗ ಮಾತು ಬ್ಯಾಡ. ಆದ್ರ ಒಂದು ಬರಗಾಲ ತೋರಿಸಿ ಇದ ಹವಾಮಾನ ಬದಲಾವಣೆ ಅನ್ನಬ್ಯಾಡ್ರಿ. ಬರ ಮೊದಲೂ ಬರತಿತ್ತು. ಹವಾಮಾನ ಅಂದ್ರ ಸಾಮಾನ್ಯವಾಗಿ 30 ವರ್ಷದ ಸರಾಸರಿ ಲೆಕ್ಕ. ಅಜ್ಜ, ಅಪ್ಪ, ಮಗ ಮೂರೂ ಕಾಲ ತೋರಸ್ರಿ. ನೀರು ಪ್ರತಿ ಕಾಲದಾಗೂ ಏರಲಿ, ಇಳೀಲಿ; ಬರಬರತಾ ಆ ಏರಿಳಿತ ವಿಪರೀತ ಆಗೂದು ಕಣ್ಣಿಗೆ ಬೀಳಬೇಕು. "ಯಾಕ ಹಿಂಗಾತು?" ಅಂತ ಕೇಳೂ ಕೆಲಸ ತೊಗಲು ಗೊಂಬಿಯಾಟದಾಗ ನಗಸೂ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕಗ ಕೊಡ್ರಿ. ನಕ್ಕೋತ ಕೇಳಿದ ಪ್ರಶ್ನೆ ಭಾಷಣಕ್ಕಿಂತ ಜಾಸ್ತಿ ನಾಟತೈತಿ.

ಹೆಬ್ಬಾತಿನ ಬಾಯಾಗ ಮೀನು ಇಡಬ್ಯಾಡ್ರಿ, ಅವು ಹುಲ್ಲು, ಕಾಳು ಮೇಯೂ ಹಕ್ಕಿ. ಗೂಡು, ಮರಿನೂ ನಮ್ಮ ಕೆರಿಯಾಗ ತೋರಸೂದು ತಪ್ಪು. ಮರಿ ಮಾಡೂದು ಮಂಗೋಲಿಯಾ, ಟಿಬೆಟ್ ಕಡೆ, ಇಲ್ಲಿಗೆ ಚಳಿಗಾಲಕ್ಕ ಹಿಮಾಲಯ ದಾಟಿ ಬರ್ತಾವ. 2024ರಾಗ ಕೆರೆ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರೇತಿ, ಅದನ್ನ ಮಕ್ಕಳ ಬಾಯಿಂದ ಹೇಳಸ್ರಿ.

ಶಿರಹಟ್ಟಿ_ಮಾಸ್ತರ:
ಭಾಳ ಉಪಕಾರ ಆತ್ರಿ. ನೀಲಿ ಪಟ್ಟಿ ಇಳಸೂವಾಗ ಸರಸರ ಸಪ್ಪಳ ಆಗತೈತಲ್ರಿ?

ಪರದೆ_ಬೆಳಕು, ಧಾರವಾಡ:
ಹಂಗಾದ್ರ ತೆಳು ನೀಲಿ ವಾಯಿಲ್ ಬಟ್ಟೆ ಹಚ್ರಿ. ಒಂದ ಪದರ, ಎರಡಾದ್ರ ನೀರು ಕಪ್ಪಾಗಿ ಕಾಣತೈತಿ.